ತಾತನ ರ್‍ಯಾಲಿ ಸೈಕಲ್ ಮತ್ತು ಮೈಸೂರಿನ ಒಂದು ಹಳೆಯ ಸೈಕಲ್ ಶಾಪ್

ನಮ್ಮ ತಾತ ಶಾಲೆಗಳ ತನಿಖೆಗೆಂದು ಹಳ್ಳಿಹಳ್ಳಿ ಸುತ್ತುತ್ತಿದ್ದ ರ್‍ಯಾಲಿ ಸೈಕಲ್ ಮೂವತ್ತು ವರ್ಷಗಳಿಂದ ಕೊಟ್ಟಿಗೆಯ ಗೋಡೆಗೆ ಒರಗಿ ನಿಂತಿತ್ತು. ಟೈರುಗಳು ಸೀಳಿದ್ದವು, ಚೈನ್ ತುಕ್ಕು ಹಿಡಿದು ಸರಳಿನಂತೆ ಸೆಟೆದಿತ್ತು, ಚರ್ಮದ ಸೀಟು ಒಣಗಿ ಮುರುಟಿಕೊಂಡಿತ್ತು. ಅದನ್ನು ಮತ್ತೆ ರಸ್ತೆಗೆ ಇಳಿಸಿಕೊಟ್ಟವರು ಮೈಸೂರಿನ ಅಗ್ರಹಾರದ ಕಡೆ ಇರುವ, ಹೆಸರಿನ ಹಲಗೆಯೂ ಇಲ್ಲದ ಒಂದು ಸಣ್ಣ ಸೈಕಲ್ ಶಾಪಿನವರು. ಇಂಥ ಸೈಕಲ್ಲನ್ನು ಮನೆಯಲ್ಲಿಟ್ಟುಕೊಂಡು, ಯಾರ ಕೈಗೆ ಒಪ್ಪಿಸುವುದೆಂದು ಯೋಚಿಸುತ್ತಿರುವವರಿಗೆ ಉಪಯೋಗವಾದೀತೆಂದು ಅವರ ಕೆಲಸದ ವಿವರ ಬರೆಯುತ್ತಿದ್ದೇನೆ.

ಇದಕ್ಕೆ ಮುಂಚೆ ವಿಚಾರಿಸಿದ ಎರಡು ಕಡೆಯೂ ಮಾತು ಶುರುವಾದದ್ದೇ ಬಣ್ಣದಿಂದ. ಎಲ್ಲವನ್ನೂ ಉಜ್ಜಿ ತೆಗೆದು ಹೊಸ ಪೇಂಟ್ ಹೊಡೆಯುವುದಾಗಿ ಹೇಳಿದರು. ಈ ಶಾಪಿನ ಹಿರಿಯ ಮೇಸ್ತ್ರಿ ಮಾತ್ರ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಹಿಂದಿನ ಚಕ್ರದ ನಡುವಿನ, ಒಳಗೆ ಗೇರುಗಳಿರುವ ಹಬ್ಬನ್ನು ಒರೆಸಿ, ಸ್ಟರ್ಮಿ ಆರ್ಚರ್ ಎಂಬ ಕಂಪನಿಯ ಹೆಸರಿನ ಜೊತೆಗೆ ಒತ್ತಿದ್ದ ಅಂಕಿಗಳನ್ನು ತೋರಿಸಿದರು. "ಇದು 51ರ ಹಬ್ಬು, ಸ್ವಾಮಿ. ಬಣ್ಣ ಆಮೇಲೆ ನೋಡೋಣ, ಮೊದಲು ಇದರ ಹೊಟ್ಟೆ ಬಿಚ್ಚಬೇಕು" ಎಂದರು. ಆ ಮಾತಿಗೇ ನಾನು ಸೈಕಲ್ಲನ್ನು ಅಲ್ಲಿ ಬಿಟ್ಟು ಬಂದೆ.

ಮೂರು ಗೇರುಗಳ ಈ ಹಬ್ಬಿನಲ್ಲಿ ನಡುವಿನ ಗೇರು ನೇರ ಎಳೆತದ್ದು, ಅಂದರೆ ಹಿಂದಿನ ಹಲ್ಲುಚಕ್ರ ಒಂದು ಸುತ್ತು ತಿರುಗಿದರೆ ಚಕ್ರವೂ ಒಂದೇ ಸುತ್ತು. ಕೆಳಗಿನದು ಅದಕ್ಕಿಂತ ಕಾಲು ಭಾಗ ಹಗುರ, ಮೇಲಿನದು ಮೂರನೇ ಒಂದು ಭಾಗ ವೇಗ. ಒಳಗಿನ ಎಣ್ಣೆ ಅಂಟಿನಂತೆ ಗಟ್ಟಿಯಾಗಿದ್ದರಿಂದ ಹಲ್ಲುಗಳನ್ನು ಕಚ್ಚಬೇಕಾದ ಪುಟ್ಟ ಕೊಂಡಿಗಳು ಅಲುಗಾಡುತ್ತಲೇ ಇರಲಿಲ್ಲ. ಮೇಸ್ತ್ರಿ ಪ್ರತಿಯೊಂದು ಭಾಗವನ್ನೂ ಬಿಚ್ಚಿದ ಕ್ರಮದಲ್ಲಿಯೇ ದಿನಪತ್ರಿಕೆಯ ಮೇಲೆ ಸಾಲಾಗಿ ಜೋಡಿಸಿಟ್ಟು, ತೊಳೆದು, ಅದೇ ಕ್ರಮದಲ್ಲಿ ಹಿಂದಕ್ಕೆ ಕೂರಿಸಿದರು. ಆ ಹಬ್ಬಿಗೆ ಒಂದು ಭಾಗವನ್ನೂ ಹೊಸದಾಗಿ ಕೊಳ್ಳಬೇಕಾಗಲಿಲ್ಲ.

ಪೆಡಲ್ ಕಡೆಯ ಕೆಲಸವನ್ನು ನಾನು ಪಕ್ಕದಲ್ಲಿ ಕುಳಿತೇ ನೋಡಿದೆ. ಪೆಡಲಿನ ತೋಳಾದ ಕ್ರ್ಯಾಂಕನ್ನು ಹಿಡಿದಿರುವ ಕಾಟರ್ ಪಿನ್ನನ್ನು ಸುಮ್ಮನೆ ಸುತ್ತಿಗೆಯಿಂದ ಬಡಿದರೆ ಏಟೆಲ್ಲ ಒಳಗಿನ ಬೇರಿಂಗಿನ ಬಾಲ್ಸ್ ಮೇಲೆ ಬಿದ್ದು, ಅವು ಕೂರುವ ಬಟ್ಟಲಿನಲ್ಲಿ, ಅಂದರೆ ಕಪ್ಪಿನಲ್ಲಿ, ಕುಳಿ ಬೀಳುತ್ತದೆ. ಆದ್ದರಿಂದ ಅವರು ಕ್ರ್ಯಾಂಕಿನ ಕೆಳಗೆ ನೆಲದವರೆಗೆ ಒಂದು ಕಬ್ಬಿಣದ ಪೈಪನ್ನು ಆನಿಸಿ ನಿಲ್ಲಿಸಿ, ಒಂದೇ ನೇರ ಏಟಿಗೆ ಪಿನ್ ಕಳಚಿದರು. ಇತರ ಬ್ರಿಟಿಷ್ ಸೈಕಲ್ಲುಗಳ ಕಪ್ಪಿಗೆ ಇಂಚಿಗೆ 24 ತಿರುಪಿನ ಸುತ್ತು (ಥ್ರೆಡ್) ಇರುವುದು ವಾಡಿಕೆಯಾದರೆ ರ್‍ಯಾಲಿಯವರದು 26. ಹೀಗಾಗಿ ಹಳೆಯ ಕಪ್ಪು ಹಾಳಾದರೆ ಅಂಗಡಿಯದು ಕೂರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಕಪ್ಪುಗಳನ್ನು ಉಳಿಸಿಕೊಂಡು, ಎರಡೂ ಬದಿ ಸೇರಿ 22 ಬಾಲ್ಸ್ ಮಾತ್ರ ಬದಲಿಸಿದರು.

ರಿಮ್‌ಗಳ ಬೆಂಡು ತೆಗೆದದ್ದರಲ್ಲೂ ಅದೇ ಅಚ್ಚುಕಟ್ಟು ಕಂಡಿತು. ತಂತಿಯ ಬದಲು ಸರಳುಗಳಿಂದ ಎಳೆಯುವ ರಾಡ್ ಬ್ರೇಕಿನ ರಬ್ಬರು ರಿಮ್ಮಿನ ಪಕ್ಕಕ್ಕಲ್ಲದೆ ಒಳಮೈಗೆ ಒತ್ತುವುದರಿಂದ ಚಕ್ರವು ಎಡಬಲಕ್ಕೆ ನೇರವಾಗಿದ್ದರೆ ಸಾಲದು, ಮೇಲೆ ಕೆಳಗೂ ಗುಂಡಗಿರಬೇಕು. ಹೊಸ ಟೈರುಗಳು 28 ಇಂಚಿನ ಮಾಮೂಲಿ ಅಳತೆಯವು, ಸುಲಭವಾಗಿ ಸಿಕ್ಕವು. ಬಣ್ಣವನ್ನು ಕೊನೆಗೂ ಮುಟ್ಟಲಿಲ್ಲ. ಬರೀ ಒರೆಸಿ ಮೇಣ ಹಚ್ಚಿದ್ದಕ್ಕೆ ಹಳೆಯ ಕಪ್ಪು ಬಣ್ಣ ಹೊಳೆಯಿತು, ಚಿನ್ನದ ಗೆರೆಗಳು ಅಲ್ಲಲ್ಲಿ ಉಳಿದುಕೊಂಡಿವೆ, ಹ್ಯಾಂಡಲ್ಲಿನ ಕೆಳಗಿನ ಬಕಪಕ್ಷಿಯ ಬಿಲ್ಲೆಯೂ ಇದೆ. ನನಗೆ ಇದೇ ಎಲ್ಲಕ್ಕಿಂತ ಹೆಚ್ಚಿನ ಸಂತೋಷ ಕೊಟ್ಟಿತು.

ಕೊರತೆಗಳನ್ನೂ ಹೇಳಬೇಕು. ಮೂರು ವಾರ ಎಂದದ್ದು ಏಳು ವಾರವಾಯಿತು, ಫೋನಿಗೆ ಉತ್ತರ ಸಿಗುವುದು ಅಪರೂಪವಾದ್ದರಿಂದ ಖುದ್ದಾಗಿಯೇ ಹೋಗಿ ಕೇಳಬೇಕಾಯಿತು. ಅದಕ್ಕಿಂತ ಬೇಸರವಾದದ್ದು ಸೀಟಿನ ವಿಷಯ: ಮೇಸ್ತ್ರಿ ಇಲ್ಲದ ದಿನ ಕೆಲಸದ ಹುಡುಗ ಬ್ರೂಕ್ಸ್ ಕಂಪನಿಯ ಸೀಟಿನ ಚರ್ಮಕ್ಕೆ ಧಾರಾಳವಾಗಿ ಕೊಬ್ಬರಿ ಎಣ್ಣೆ ಸವರಿಬಿಟ್ಟಿದ್ದ. ಅತಿಯಾಗಿ ಎಣ್ಣೆ ಕುಡಿದ ಚರ್ಮ ಮೆದುವಾಗಿ ನಡುವೆ ಜೋಲುತ್ತದೆ, ನನ್ನದೂ ಹಾಗೆಯೇ ಆಗಿದೆ. ನೀವು ಅಲ್ಲಿಗೆ ಕೊಡುವುದಾದರೆ ಸೀಟನ್ನು ಬಿಚ್ಚಿ ಮನೆಯಲ್ಲಿಯೇ ಇಟ್ಟುಕೊಳ್ಳಿ.

ಟೈರು, ಟ್ಯೂಬು, ಚೈನ್, ಬ್ರೇಕ್ ರಬ್ಬರು ಎಲ್ಲ ಸೇರಿ 6,400 ರೂಪಾಯಿ ಆಯಿತು. ಅದರಲ್ಲಿ ಕೂಲಿ 3,500. ಇಷ್ಟು ಕೆಲಸಕ್ಕೆ ಅದು ಹೆಚ್ಚೆಂದು ನನಗೆ ಅನಿಸಲಿಲ್ಲ. ಸೈಕಲ್ ತರುವ ಮುನ್ನ ಗೇರಿನ ತಂತಿಯನ್ನು ಅವರ ಕೈಯಲ್ಲಿಯೇ ಹೊಂದಿಸಿಕೊಳ್ಳಿ, ಏಕೆಂದರೆ ತಂತಿ ಸಡಿಲವಾದರೆ ಎರಡು ಮತ್ತು ಮೂರನೆಯ ಗೇರಿನ ನಡುವೆ ಪೆಡಲ್ ಹಿಡಿತವೇ ಇಲ್ಲದೆ ತಿರುಗಿ, ನಿಂತು ತುಳಿಯುತ್ತಿರುವವರು ಬೀಳಬಹುದು. ನಡುವಿನ ಗೇರಿನಲ್ಲಿರುವಾಗ ಹಿಂದಿನ ಚಕ್ರದ ನಟ್ಟಿನ ಕಿಂಡಿಯಲ್ಲಿ ಇಣುಕಿ, ಗೇರಿನ ತಂತಿಯಿಂದ ಹಬ್ಬಿನೊಳಕ್ಕೆ ಹೋಗುವ ಪುಟ್ಟ ಸರಪಳಿಯ ಕಡ್ಡಿಯ ಬುಡ ಆಕ್ಸಲ್ಲಿನ ತುದಿಗೆ ಸಮನಾಗಿದೆಯೇ ಎಂದು ನೋಡುವುದನ್ನು ಮೇಸ್ತ್ರಿ ನನಗೆ ಎರಡು ಸಲ ಮಾಡಿ ತೋರಿಸಿದರು.