ಹಳೆ ಪುಟಗಳಿಗೆ ಟೆಸರಾಕ್ಟ್ ಸಾಕಾ, ಟ್ರಾನ್ಸ್‌ಕ್ರಿಬಸ್ ಬೇಕಾ?

ಸ್ಕ್ಯಾನ್ ಮಾಡಿದ ಹಳೆ ಪುಟಗಳಲ್ಲಿ ಪದ ಹುಡುಕಲು ಬರಬೇಕು ಅಂತಿದ್ದರೆ ಮೊದಲು ಒಂದು ನೋಡಿಕೊಳ್ಳಿ: ಕೈಯಲ್ಲಿರುವುದು ಅಚ್ಚಾದದ್ದೋ, ಕೈಬರಹವೋ?

ಅಚ್ಚಾದದ್ದಾದರೆ ಟೆಸರಾಕ್ಟ್ ಸಾಕು. ಚಿತ್ರದಲ್ಲಿರುವ ಅಕ್ಷರಗಳನ್ನು ಓದಿ, ಹುಡುಕಬಹುದಾದ ಪಠ್ಯ ಮಾಡಿಕೊಡುವ ತಂತ್ರಾಂಶ ಇದು. ಪೂರ್ತಿ ಉಚಿತ. ನಿಮ್ಮದೇ ಕಂಪ್ಯೂಟರಿನಲ್ಲಿ ಓಡುತ್ತದೆ, ಇಂಟರ್ನೆಟ್ ಬೇಡ. 1980ರ ದಶಕದಲ್ಲಿ ಎಚ್‌ಪಿ ಕಂಪನಿಯಲ್ಲಿ ಹುಟ್ಟಿದ್ದು, 2005ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಕನ್ನಡವನ್ನೂ ಓದುತ್ತದೆ. ಆದರೆ ಮಸಿ ಹರಡಿದ ಪುಟ ಕೊಟ್ಟರೆ ಒತ್ತಕ್ಷರಗಳಲ್ಲಿ ಎಡವುತ್ತದೆ. ಸುಮ್ನೆ ನಂಬಿ ಮುಂದೆ ಹೋಗಬೇಡಿ, ತಿದ್ದುವ ಕೆಲಸ ನಿಮ್ಮದೇ.

ಕೈಬರಹದ ಕಡತ, ಪತ್ರ, ದಿನಚರಿಗಳಾದರೆ ಟ್ರಾನ್ಸ್‌ಕ್ರಿಬಸ್ ಕಡೆ ನೋಡಿ. ಕೈಬರಹವನ್ನೂ ಓದಿ ಪಠ್ಯ ಮಾಡಿಕೊಡುವ ಆನ್‌ಲೈನ್ ಸೇವೆ ಇದು. ಆಸ್ಟ್ರಿಯಾದ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದಲ್ಲಿ ಬೆಳೆದದ್ದು. ಈಗ ರೀಡ್-ಕೋಪ್ ಎಂಬ ಸಹಕಾರ ಸಂಘ ನಡೆಸುತ್ತಿದೆ. ಇದಕ್ಕೆ ಒಬ್ಬರ ಕೈಬರಹವನ್ನು ಕಲಿಸಬಹುದು, ಅದೇ ಇದರ ಬಲ. 5,000ದಿಂದ 15,000 ಪದಗಳಷ್ಟು ಬರಹವನ್ನು ನೀವೇ ತಪ್ಪಿಲ್ಲದೆ ಟೈಪ್ ಮಾಡಿ ಕೊಡಬೇಕು. ಆಮೇಲೆ ಉಳಿದ ಪುಟಗಳನ್ನು ಅದು ಓದಿಕೊಡುತ್ತದೆ, ತಪ್ಪುಗಳ ಸಮೇತ. ಒಬ್ಬರೇ ಬರೆದ ಸಾವಿರ ಪುಟ ಇಟ್ಟುಕೊಂಡ ಸಂಶೋಧಕರಿಗೆ ಇದು ವರ್ಷಗಟ್ಟಲೆ ದುಡಿಮೆ ಉಳಿಸುತ್ತದೆ. ಇರುವುದೇ ಮೂವತ್ತು ಪುಟವಾದರೆ? ಕಲಿಸುವಷ್ಟರಲ್ಲಿ ನೀವೇ ಟೈಪ್ ಮಾಡಿ ಮುಗಿಸಿರುತ್ತೀರಿ, ಅಲ್ವಾ?

ಖರ್ಚೂ ಇದೆ. ಜಾಸ್ತಿ ಪುಟಗಳಿಗೆ ಕ್ರೆಡಿಟ್ (ಪುಟ ಓದಿಸಲು ಖರ್ಚಾಗುವ ಅಂಕ) ಕೊಳ್ಳಬೇಕು. ಜೊತೆಗೆ ಪುಟಗಳು ಅವರ ಸರ್ವರಿಗೆ ಹೋಗುತ್ತವೆ. ಯಾರದೋ ಮನೆಯ ಖಾಸಗಿ ಪತ್ರಗಳಾದರೆ, ಆ ಮನೆಯವರನ್ನು ಕೇಳಿಯೇ ಏರಿಸಿ.