ಲೊವ್ರೆನ್ ಅಥವಾ ಗ್ವಾರ್ಡಿಯೋಲ್: ಡಿಫೆಂಡರ್ ಆಗಬೇಕೆಂದಿರುವವರು ಯಾರ ಆಟ ನೋಡಬೇಕು?

2022ರ ಕತಾರ್ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಕ್ರೊಯೇಷಿಯಾದ ರಕ್ಷಣೆಯ ನಡುವೆ ಇಬ್ಬರೂ ಜೊತೆಯಾಗಿ ನಿಂತಿದ್ದರು. ತಂಡ ಮೂರನೇ ಸ್ಥಾನ ಪಡೆಯಿತು.

ಡೆಯಾನ್ ಲೊವ್ರೆನ್ ಹಳೆಯ ಮಾದರಿಯ ಸ್ಟಾಪರ್, ಅಂದರೆ ಮುನ್ನುಗ್ಗಿ ದಾಳಿ ತಡೆಯುವ ಡಿಫೆಂಡರ್. ಎತ್ತರದ ಚೆಂಡಿಗೆ ಮೊದಲು ಹಾರುವುದು, ಸ್ಟ್ರೈಕರ್‌ಗೆ ಮೈತಾಗಿಸಿ ಆಡುವುದು ಅವನ ಬಲ. 2016ರಲ್ಲಿ ಜರ್ಮನಿಯ ಡಾರ್ಟ್ಮುಂಡ್ ಕ್ಲಬ್ ವಿರುದ್ಧ ಹೆಚ್ಚುವರಿ ನಿಮಿಷಗಳಲ್ಲಿ ತಲೆಯಿಂದ ಹೊಡೆದ ಗೋಲು ಲಿವರ್‌ಪೂಲ್‌ಗೆ 4-3 ಗೆಲುವು ತಂದಿತು. ಆದರೆ ಮುನ್ನುಗ್ಗುವ ಆತುರ ಕೈಕೊಟ್ಟದ್ದೂ ಉಂಟು: 2017ರಲ್ಲಿ ಟಾಟನ್‌ಹ್ಯಾಮ್ ಎದುರು ಮೊದಲಾರ್ಧ ಮುಗಿಯುವ ಮೊದಲೇ ಅವನನ್ನು ಹೊರಗೆ ಕರೆದರು. ಮರುವರ್ಷವೇ ವಿಶ್ವಕಪ್ ಫೈನಲ್ ಆಡಿದ! ಬೋಸ್ನಿಯಾದ ಯುದ್ಧದಿಂದ ಪಾರಾಗಿ ಜರ್ಮನಿಯಲ್ಲಿ ಬಾಲ್ಯ ಕಳೆದವನ ಗಟ್ಟಿತನ ಅದು.

ಯೋಶ್ಕೊ ಗ್ವಾರ್ಡಿಯೋಲ್ ಎಡಗಾಲಿನವನು. ಚೆಂಡು ಹಿಡಿದು ತಾನೇ ಮುಂದೆ ಸಾಗುತ್ತಾನೆ. 2023ರಲ್ಲಿ ಲೈಪ್‌ಜಿಗ್‌ನಿಂದ ಮ್ಯಾಂಚೆಸ್ಟರ್ ಸಿಟಿಗೆ ಬಂದ ಮೇಲೆ ಎಡ ಬ್ಯಾಕ್ (ರಕ್ಷಣೆಯ ಎಡ ಅಂಚಿನ ಆಟಗಾರ) ಆಗಿಯೂ ಆಡಿ, 2024ರಲ್ಲಿ ರಿಯಲ್ ಮ್ಯಾಡ್ರಿಡ್ ಮೈದಾನದಲ್ಲಿ ದೂರದಿಂದ ಗೋಲು ಹೊಡೆದ. ಕತಾರ್ ಸೆಮಿಫೈನಲ್‌ನಲ್ಲಿ ಮೆಸ್ಸಿ ಅವನನ್ನು ತಿರುಗಿಸಿ ತಿರುಗಿಸಿ ದಾಟಿದ್ದು ಎಲ್ಲರಿಗೂ ನೆನಪಿದೆ. ಮೂರನೇ ಸ್ಥಾನದ ಪಂದ್ಯದಲ್ಲಿ ಮೊರಾಕೊ ವಿರುದ್ಧ ಏಳನೇ ನಿಮಿಷಕ್ಕೇ ಅವನು ಗೋಲು ಹಾಕಿದ್ದನ್ನೂ ನೆನಪಿಡಿ.

ನನ್ನ ಆಯ್ಕೆ ಗ್ವಾರ್ಡಿಯೋಲ್. ಈಗಿನ ಕೋಚ್‌ಗಳು ಹಿಂದಿನಿಂದಲೇ ಆಟ ಕಟ್ಟುವವರನ್ನು ಹುಡುಕುತ್ತಾರೆ. ನಿಮಗೆ ಪಾಸಿಂಗ್ ಚೆನ್ನಾಗಿದ್ದು ಹೆಡರ್‌ನಲ್ಲಿ ಹಿಂಜರಿಕೆ ಇದ್ದರೆ ಮಾತ್ರ ಮೊದಲು ಲೊವ್ರೆನ್‌ನ ಪಂದ್ಯಗಳನ್ನು ಹಾಕಿಕೊಳ್ಳಿ. ಚೆಂಡು ಬರುವ ಮೊದಲೇ ಅವನು ಜಾಗ ಹಿಡಿಯುವುದನ್ನು ಗಮನಿಸಿ.