ಹಳೇ ಡೆಸ್ಕ್‌ಟಾಪಿಗೆ ವೈಫೈ ಕಾರ್ಡ್: ಮೂರು ವರ್ಷ ಬಳಸಿ, ಬೈದು, ಬಿಚ್ಚಿ ನೋಡಿದ ಮೇಲೆ

ಈ ಕಾರ್ಡನ್ನು ಮೂರು ವರ್ಷದಲ್ಲಿ ಆರು ಸಲ ಮನಸಾರೆ ಬೈದಿದ್ದೇನೆ. ಒಂದು ಸಲ ಕಿತ್ತು ಡಬ್ಬಿಗೆ ಹಾಕಿ ಟೇಪ್ ಕೂಡ ಅಂಟಿಸಿದ್ದೆ. ಈಗ ಲೆಕ್ಕ ಹಾಕಿ ನೋಡಿದರೆ ಆರರಲ್ಲಿ ಐದು ಸಲ ತಪ್ಪು ಅದರದ್ದಲ್ಲ.

ಕಾರ್ಡಿನ ಹೆಸರು ಹೇಳುತ್ತಿಲ್ಲ. ಹೇಳಿ ಜಾಸ್ತಿ ಪ್ರಯೋಜನವೂ ಇಲ್ಲ. ಇಂಥ ಕಾರ್ಡುಗಳು ಹತ್ತಾರು ಹೆಸರಲ್ಲಿ ಸಿಗುತ್ತವೆ. ಬಿಸಿ ಹೊರಹಾಕಲು ಮೇಲಿರುವ ಕಪ್ಪು ತಗಡು, ಅಂದರೆ ಹೀಟ್‌ಸಿಂಕ್ ಬಿಚ್ಚಿದರೆ ಒಳಗಿರುವುದು ಲ್ಯಾಪ್‌ಟಾಪಿಗೆ ಹಾಕುವ ಪುಟ್ಟ ಎಂ.2 ವೈಫೈ ಕಾರ್ಡ್. ಅದನ್ನು ಡೆಸ್ಕ್‌ಟಾಪ್ ಸ್ಲಾಟಿಗೆ ಕೂರಿಸಲು ಒಂದು ದೊಡ್ಡ ಬೋರ್ಡ್, ಹಿಂದೆ ಎರಡು ಆಂಟೆನಾ, ಅಷ್ಟೇ. ನನ್ನದು ವೈಫೈ 6, ಜೊತೆಗೆ ಬ್ಲೂಟೂತ್.

ಮೊದಲು ಯಂತ್ರದ ಜಾತಕ. 2013ರ ಕಾಲದ ನಾಲ್ಕನೇ ತಲೆಮಾರಿನ ಐ5, ಎಚ್81 ಮದರ್‌ಬೋರ್ಡ್, 8 ಜಿಬಿ ರ‍್ಯಾಮ್. ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ ಮೇಲೆ ಮತ್ತೆ ಹುಡುಗನ ಹಾಗೆ ಓಡುತ್ತಿದೆ. ವೈಫೈ ಮಾತ್ರ ಇರಲಿಲ್ಲ. ರೌಟರ್ ಹಾಲಿನಲ್ಲಿ, ಕಂಪ್ಯೂಟರ್ ಒಳಗಿನ ಕೋಣೆಯಲ್ಲಿ, ನಡುವೆ ಎರಡು ಗೋಡೆ. ಕೇಬಲ್ ಎಳೆದರೆ ಬಾಗಿಲು ಹಾಕಲು ಆಗುವುದಿಲ್ಲ. ಮೊದಲು ಉಗುರಿನಷ್ಟು ದೊಡ್ಡ ಯುಎಸ್‌ಬಿ ಡಾಂಗಲ್ ಇಟ್ಟುಕೊಂಡಿದ್ದೆ. ಒಂದು ಗಂಟೆ ವಿಡಿಯೋ ಕಾಲ್ ಆದರೆ ಮುಟ್ಟಲಾಗದಷ್ಟು ಬಿಸಿಯಾಗಿ, ಆಮೇಲೆ ಮಾತು ತುಂಡು ತುಂಡಾಗುತ್ತಿತ್ತು. ಅದಕ್ಕೇ ಕಾರ್ಡ್.

"ಇಷ್ಟು ಹಳೇ ಬೋರ್ಡಿಗೆ ಹೊಸ ಕಾರ್ಡ್ ಹೊಂದುತ್ತದಾ?" ಅಂತ ತುಂಬಾ ಜನ ಕೇಳುತ್ತಾರೆ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಇದ್ದರೆ ಹೊಂದುತ್ತದೆ. ಚಿಕ್ಕ ಎಕ್ಸ್1 ಸ್ಲಾಟೇ ಸಾಕು. ನನ್ನ ಬೋರ್ಡಿನ ಎಕ್ಸ್1 ಸ್ಲಾಟ್ ಎರಡನೇ ತಲೆಮಾರಿನದು, ಸೆಕೆಂಡಿಗೆ 500 ಎಂಬಿ ಸಾಗಿಸುತ್ತದೆ. ನನ್ನ ರೌಟರ್ ವೈಫೈ 5. ಎರಡು ಆಂಟೆನಾಗೆ ಅದು ಕೊಡುವುದು ಹೆಚ್ಚೆಂದರೆ 866 ಮೆಗಾಬಿಟ್, ಅಂದರೆ ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 108 ಎಂಬಿ. ಸ್ಲಾಟಿಗೆ ಇದೊಂದು ಭಾರವೇ ಅಲ್ಲ. ಆದರೆ ಇನ್ನೂ ಹಳೇ ಬೋರ್ಡುಗಳಲ್ಲಿ ಉದ್ದನೆಯ ಪಿಸಿಐ ಸ್ಲಾಟ್ ಇರುತ್ತದೆ, ಹೆಚ್ಚಾಗಿ ಬಿಳಿ ಬಣ್ಣದ್ದು. ಹೆಸರು ಹತ್ತಿರ ಹತ್ತಿರ ಒಂದೇ, ಆದರೆ ಕಾರ್ಡ್ ಅದರಲ್ಲಿ ಕೂರುವುದಿಲ್ಲ. ಕೊಳ್ಳುವ ಮೊದಲು ಮುಚ್ಚಳ ತೆಗೆದು ಕಣ್ಣಾರೆ ನೋಡಿಬಿಡಿ.

ಇನ್ನೊಂದು ಗುಂಡಿ ಇದೆ, ಬೀಳಬೇಡಿ. ಇಂಟೆಲ್‌ನ ಎಂ.2 ಕಾರ್ಡುಗಳಲ್ಲಿ ಎಎಕ್ಸ್200, ಎಎಕ್ಸ್210 ಹಳೇ ಬೋರ್ಡಿನಲ್ಲೂ ನಡೆಯುತ್ತವೆ. ಎಎಕ್ಸ್201, ಎಎಕ್ಸ್211 ನಡೆಯುವುದಿಲ್ಲ. ನೋಡಲು ಎಲ್ಲವೂ ಅಣ್ಣತಮ್ಮಂದಿರು. ಆದರೆ 1ರಲ್ಲಿ ಮುಗಿಯುವ ಈ ಎರಡಕ್ಕೆ ವೈಫೈ ಕೆಲಸದ ಅರ್ಧ ಭಾಗ ಮದರ್‌ಬೋರ್ಡಿನ ಚಿಪ್‌ಸೆಟ್ ಅಥವಾ ಪ್ರೊಸೆಸರಿನ ಒಳಗೇ ಇರಬೇಕು. 2013ರ ಯಂತ್ರದಲ್ಲಿ ಆ ಅರ್ಧ ಇರುವುದೇ ಇಲ್ಲ.

ಕೂರಿಸುವುದು ಹತ್ತು ನಿಮಿಷದ ಕೆಲಸ. ಬ್ಲೂಟೂತ್ ಮಾತ್ರ ಮೊದಲ ದಿನ ಕಾಣಲಿಲ್ಲ. ಡಬ್ಬಿಯಲ್ಲಿ ಉಳಿದಿದ್ದ ಸಣ್ಣ ವಯರನ್ನು ಯಾಕೋ ಕೊಟ್ಟಿದ್ದಾರೆ ಅಂತ ಬದಿಗಿಟ್ಟಿದ್ದೆ. ಕಾರ್ಡಿನ ವೈಫೈ ಭಾಗ ಸ್ಲಾಟ್ ಮೂಲಕ ಮಾತಾಡಿದರೆ ಬ್ಲೂಟೂತ್ ಯುಎಸ್‌ಬಿ ಮೂಲಕ ಮಾತಾಡುತ್ತದೆ. ಆ ವಯರನ್ನು ಮದರ್‌ಬೋರ್ಡಿನ ಮೇಲಿರುವ 9 ಪಿನ್ನಿನ ಯುಎಸ್‌ಬಿ ಜೋಡಣೆಗೆ (ಹೆಡರ್) ಚುಚ್ಚಿದ ಕೂಡಲೇ ಬಂತು. ಇದನ್ನು ಬೈಗುಳದ ಲೆಕ್ಕಕ್ಕೆ ಸೇರಿಸಿಲ್ಲ.

ಮೊದಲ ಬೈಗುಳ ಸಿಗ್ನಲ್‌ಗೆ. ಅದೇ ಕೋಣೆಯಲ್ಲಿ ಫೋನ್ ಚೆನ್ನಾಗಿ ನಡೆಯುತ್ತಿದ್ದರೆ ಕಂಪ್ಯೂಟರಿನ ಸಿಗ್ನಲ್ 5 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ನೂರಕ್ಕೆ 40 ದಾಟುತ್ತಿರಲಿಲ್ಲ. ಎರಡು ವಾರ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಬದಲಾಯಿಸುತ್ತಾ ಕೂತೆ. ಕೊನೆಗೆ ಮೇಜಿನ ಕೆಳಗೆ ಬಗ್ಗಿ ನೋಡಿದೆ. ಆಂಟೆನಾ ಎರಡೂ ಕಂಪ್ಯೂಟರ್ ಡಬ್ಬದ ಹಿಂದೆ, ಗೋಡೆಗೆ ಮೂಗು ಹಚ್ಚಿಕೊಂಡು, ವಯರುಗಳ ಗಂಟಿನೊಳಗೆ ಸಿಕ್ಕಿಕೊಂಡಿದ್ದವು. ರೌಟರ್ ಇರುವ ದಿಕ್ಕಿಗೆ ಇಡೀ ತಗಡಿನ ಡಬ್ಬ ಅಡ್ಡ! ಕಾರ್ಡ್ ಏನು ಮಾಡೀತು? ಒಂದು ಮೀಟರ್ ವಯರಿನ, ಬುಡದಲ್ಲಿ ಅಯಸ್ಕಾಂತ ಇರುವ ಆಂಟೆನಾ ತಂದು ಪುಸ್ತಕದ ಶೆಲ್ಫ್ ಮೇಲೆ ಇಟ್ಟೆ. ಸಿಗ್ನಲ್ 80ರ ಆಸುಪಾಸಿಗೆ ಬಂತು. ತರುವಾಗ ಒಂದು ವಿಷಯ ನೋಡಿಕೊಳ್ಳಿ. ವೈಫೈ ಕಾರ್ಡಿಗೆ ಬೇಕಾದದ್ದು ಆರ್‌ಪಿ-ಎಸ್‌ಎಂಎ ಎಂಬ ಜೋಡಣೆಯ ಆಂಟೆನಾ. ಬರೀ ಎಸ್‌ಎಂಎ ಆಂಟೆನಾದ ತಿರುಪೂ ಅಷ್ಟೇ ಚೆನ್ನಾಗಿ ತಿರುಗುತ್ತದೆ, ಆದರೆ ಒಳಗೆ ಪಿನ್ನಿಗೆ ಪಿನ್ ಎದುರಾಗಿ ಜಜ್ಜಿಹೋಗುತ್ತದೆ.

ಎರಡನೆಯದು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಎಲ್ಲರಿಗೂ ಆಗುವಂಥದ್ದು. ಊಟ ಮುಗಿಸಿ ಬಂದರೆ ನೆಟ್ ಇರುತ್ತಿರಲಿಲ್ಲ. ಕಂಪ್ಯೂಟರ್ ನಿದ್ದೆಯಿಂದ ಎದ್ದರೆ ಒಂದು ನೆಟ್‌ವರ್ಕೂ ಕಾಣುತ್ತಿರಲಿಲ್ಲ. ಡಿವೈಸ್ ಮ್ಯಾನೇಜರ್ ತೆರೆದು, ಕಾರ್ಡಿನ ಪ್ರಾಪರ್ಟೀಸ್‌ನಲ್ಲಿ ಪವರ್ ಮ್ಯಾನೇಜ್‌ಮೆಂಟ್‌ಗೆ ಹೋಗಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಟಿಕ್ ತೆಗೆದೆ. ಪವರ್ ಆಪ್ಷನ್ಸ್‌ನಲ್ಲಿ ಪಿಸಿಐ ಎಕ್ಸ್‌ಪ್ರೆಸ್‌ನ ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್ ಅನ್ನೂ ಆಫ್ ಮಾಡಿದೆ. ಇದು ಬ್ಯಾಟರಿಯ ಲ್ಯಾಪ್‌ಟಾಪಿಗೆ ಬೇಕಾದ ಜಿಪುಣತನ. ಸದಾ ಪ್ಲಗ್ಗಿನಲ್ಲೇ ಇರುವ ಡೆಸ್ಕ್‌ಟಾಪಿಗೆ ಯಾಕೆ? ಅಲ್ಲಿಂದ ಇಲ್ಲಿವರೆಗೆ ಆ ಕಾಟ ಇಲ್ಲ.

ಮೂರನೆಯದು ಸ್ವಲ್ಪ ತಮಾಷೆಯದು. ಬರೀ ಭಾನುವಾರ ನೆಟ್ ನಿಧಾನ. ಪಕ್ಕದ ಮನೆಗಳಲ್ಲಿ ಎಲ್ಲರೂ ವಿಡಿಯೋ ನೋಡುತ್ತಿರಬೇಕು ಅಂದುಕೊಂಡು ರೌಟರಿನ ವೈಫೈ ಚಾನೆಲ್ 1, 6, 11 ಅಂತ ಬದಲಾಯಿಸಿ ನೋಡಿದೆ. ಊಹೂಂ. ಆಮೇಲೆ ಗಮನಿಸಿದರೆ ಅದೇ ಹೊತ್ತಿಗೆ ವಯರ್‌ಲೆಸ್ ಮೌಸ್ ಕೂಡ ತಡವರಿಸುತ್ತಿತ್ತು. ಭಾನುವಾರ ನಾನು ಮಾಡುವ ಕೆಲಸವೆಂದರೆ ಬ್ಯಾಕಪ್. ಯುಎಸ್‌ಬಿ 3 ಡಿಸ್ಕನ್ನು ಶೆಲ್ಫ್ ಮೇಲೆ, ಸರಿಯಾಗಿ ಆಂಟೆನಾ ಪಕ್ಕಕ್ಕೇ ಇಡುತ್ತಿದ್ದೆ. ಯುಎಸ್‌ಬಿ 3 ಸಾಧನ ಮತ್ತು ಕೇಬಲಿನ ಗದ್ದಲ 2.4 ಗಿಗಾಹರ್ಟ್ಸ್ ಮೇಲೆ ಬೀಳುತ್ತದೆ ಅಂತ ಇಂಟೆಲ್ 2012ರಲ್ಲೇ ಬರೆದಿಟ್ಟಿದೆ. ನಾನು ಓದಿದ್ದು ಎಷ್ಟೋ ವರ್ಷ ಆದ ಮೇಲೆ. ಆಗ ನನ್ನ ರೌಟರಿನಲ್ಲಿ 2.4, 5 ಎರಡೂ ಬ್ಯಾಂಡಿಗೆ ಒಂದೇ ಹೆಸರಿತ್ತು, ಕಾರ್ಡ್ ಸುಮ್ನೆ 2.4ಕ್ಕೆ ಹೋಗಿ ಅಂಟಿಕೊಳ್ಳುತ್ತಿತ್ತು. ಡಿಸ್ಕನ್ನು ದೂರ ಇಟ್ಟೆ, ಡ್ರೈವರಿನ ಅಡ್ವಾನ್ಸ್‌ಡ್ ಪಟ್ಟಿಯಲ್ಲಿ 5 ಗಿಗಾಹರ್ಟ್ಸ್‌ಗೆ ಆದ್ಯತೆ ಕೊಟ್ಟೆ. ಭಾನುವಾರಗಳು ಸರಿಹೋದವು.

ನಾಲ್ಕನೆಯದು ನಿಜವಾಗಿಯೂ ಕಾರ್ಡಿನ ತಪ್ಪು. ಡಬ್ಬಿಗೆ ಹಾಕಿ ಟೇಪ್ ಅಂಟಿಸಿದ್ದೂ ಆಗಲೇ. ಹಬ್ಬಕ್ಕೆ ಮನೆ ಗುಡಿಸಿ ಒರೆಸುವಾಗ ಕಂಪ್ಯೂಟರ್ ಈಚೆಗೆ ತೆಗೆದು, ಆಂಟೆನಾ ವಯರು ಬಿಚ್ಚಿ, ಮತ್ತೆ ಬಿಗಿಯಾಗಿ ತಿರುಗಿಸಿ ಇಟ್ಟೆ. ಆವತ್ತಿಂದ ನೆಟ್ ಇದೆ, ಆದರೆ ಜೀವ ಇಲ್ಲ. ಹಳೇ ಡಾಂಗಲ್ ಹಾಕಿಕೊಂಡು ನಾಲ್ಕು ದಿನ ಕಳೆದೆ. ಅದರ ಬಿಸಿಗೆ ಬೇಸತ್ತು ಮತ್ತೆ ಕಾರ್ಡ್ ಕೂರಿಸಿ, ಈ ಸಲ ಸಂಪರ್ಕದ ವಿವರ ತೆರೆದು ಕಾರ್ಡಿಗೂ ರೌಟರಿಗೂ ನಡುವಿನ ಲಿಂಕ್ ವೇಗ ನೋಡಿದೆ. 433 ಮೆಗಾಬಿಟ್. ರೌಟರ್ ಪಕ್ಕಕ್ಕೇ ಕಂಪ್ಯೂಟರನ್ನು ಹೊತ್ತುಕೊಂಡು ಹೋಗಿ ಇಟ್ಟರೂ 433. ಸಿಗ್ನಲ್ ಕಡಿಮೆ ಇದ್ದರೆ ಈ ಅಂಕಿ ಏರುತ್ತಾ ಇಳಿಯುತ್ತಾ ಇರಬೇಕು. ಇದು ಗೋಡೆಗೆ ತಲೆ ತಾಗಿದ ಹಾಗೆ ಅಲ್ಲೇ ನಿಂತಿತ್ತು. ನನ್ನ ಕಾರ್ಡಿಗೆ ಬರಬೇಕಾದದ್ದು 866, ಅದರ ಸರಿಯಾಗಿ ಅರ್ಧ 433. ಎರಡು ಆಂಟೆನಾದಲ್ಲಿ ಒಂದು ಸತ್ತಿದೆ!

ಹೀಟ್‌ಸಿಂಕಿನ ನಾಲ್ಕು ಸ್ಕ್ರೂ ಬಿಚ್ಚಿದೆ. ಕಾರ್ಡಿನ ಹಿಂಬದಿಯ ಜ್ಯಾಕಿನಿಂದ ಒಳಗಿನ ಪುಟ್ಟ ಎಂ.2 ಕಾರ್ಡಿಗೆ ತೆಳ್ಳನೆಯ ಎರಡು ಕರಿ ವಯರು ಹೋಗುತ್ತವೆ. ತುದಿಯಲ್ಲಿ ಸಾಸಿವೆ ಕಾಳಿನಷ್ಟು ಚಿನ್ನದ ಬಣ್ಣದ ಟಿಕಳಿ. ಒಂದು ತನ್ನ ಜಾಗದಲ್ಲಿ ಕೂತಿತ್ತು, ಇನ್ನೊಂದು ಎದ್ದು ಗಾಳಿಯಲ್ಲಿ ನಿಂತಿತ್ತು. ಯಾಕೆ ಎದ್ದಿತು ಅಂತ ಆ ಜ್ಯಾಕನ್ನು ಬೆರಳಲ್ಲಿ ಅಲ್ಲಾಡಿಸಿದೆ. ಇಡೀ ಜ್ಯಾಕೇ ಗಿರಗಿರ ತಿರುಗಿತು. ಅದನ್ನು ಕಾರ್ಡಿನ ಹಿಂಬದಿಯ ತಗಡಿನ ಪಟ್ಟಿಗೆ ಹಿಡಿದಿಡುವ ನಟ್ಟನ್ನು ತಯಾರಿಸಿದವರು ಬಿಗಿ ಮಾಡಿಯೇ ಇರಲಿಲ್ಲ. ನಾನು ಹೊರಗೆ ಆಂಟೆನಾ ಬಿಗಿ ಮಾಡಿದಾಗ ಒಳಗಿನ ವಯರು ಹುರಿಗೊಂಡು ಟಿಕಳಿ ಹಾರಿದೆ. ನಟ್ಟು ಬಿಗಿ ಮಾಡಿ, ಟಿಕಳಿಯನ್ನು ನೆಟ್ಟಗೆ ಇಟ್ಟು ಉಗುರಿನಿಂದ ಒತ್ತಿದೆ. ಟಿಕ್ ಅಂತ ಸಣ್ಣ ಸದ್ದು ಬಂತು. ಓರೆಯಾಗಿ ಒತ್ತಿದರೆ ಅದು ಚಪ್ಪಟೆಯಾಗಿ ಮತ್ತೆಂದೂ ಕೂರುವುದಿಲ್ಲ, ಹಾಗಾಗಿ ಕನ್ನಡಕ ಹಾಕಿಕೊಂಡು ಮಾಡುವ ಕೆಲಸ. ಲಿಂಕ್ ವೇಗ 866.

ಐದನೇ ಸಲಕ್ಕೆ ನನಗೇ ನಾಚಿಕೆ. ಒಂದು ರಾತ್ರಿ ಕರೆಂಟ್ ಹೋಗಿ ಬೆಳಿಗ್ಗೆ ಬಂತು. ವೈಫೈ ಸೇರಿತು, ಸಿಗ್ನಲ್ ಪೂರ್ತಿ ಇದೆ, ಆದರೆ ಒಂದು ಪುಟವೂ ತೆರೆಯುವುದಿಲ್ಲ. ಬ್ರೌಸರ್ ಎಲ್ಲ ಕಡೆ ವೆಬ್‌ಸೈಟಿನ ಗುರುತಿನ ಸರ್ಟಿಫಿಕೇಟ್ ಸರಿಯಿಲ್ಲ ಅಂತ ಹೆದರಿಸುತ್ತಿದೆ. ಕಾರ್ಡಿನ ಡ್ರೈವರ್ ತೆಗೆದು ಮತ್ತೆ ಹಾಕಿದೆ. ನೆಟ್‌ವರ್ಕ್ ರೀಸೆಟ್ ಮಾಡಿದೆ. ಆಮೇಲೆ ಬುದ್ಧಿ ಬಂದು ರೌಟರಿಗೆ ಪಿಂಗ್ ಕೊಟ್ಟೆ, ಅಂದರೆ ಕರೆದು ಉತ್ತರ ಬರುತ್ತದಾ ಅಂತ ನೋಡಿದೆ. 2 ಮಿಲಿಸೆಕೆಂಡ್, ಒಂದೂ ತಪ್ಪಿಲ್ಲ. ಹೊರಗಿನ ವಿಳಾಸಕ್ಕೂ ಪಿಂಗ್ ಹೋಗುತ್ತಿದೆ. ಅಂದರೆ ಕಾರ್ಡ್ ತನ್ನ ಕೆಲಸ ಮಾಡುತ್ತಿದೆ. ಆಗ ಪರದೆಯ ಮೂಲೆಗೆ ಕಣ್ಣು ಹೋಯಿತು. ತಾರೀಕು 1-1-2013! ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವ ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿತ್ತು. ವೆಬ್‌ಸೈಟುಗಳ ಸರ್ಟಿಫಿಕೇಟಿಗೆ ಶುರುವಿನ ದಿನ, ಮುಗಿಯುವ ದಿನ ಅಂತ ಇರುತ್ತದೆ. 2013ರಲ್ಲಿ ಕೂತ ಕಂಪ್ಯೂಟರಿಗೆ ಅವೆಲ್ಲ ಇನ್ನೂ ಹುಟ್ಟೇ ಇಲ್ಲ. ನಾಣ್ಯದಷ್ಟು ದೊಡ್ಡ ಬ್ಯಾಟರಿ ಬದಲಾಯಿಸಿ ತಾರೀಕು ಸರಿ ಮಾಡಿದೆ. ಹಳೇ ಯಂತ್ರದಲ್ಲಿ ನೆಟ್ ಇದ್ದೂ ಇಲ್ಲದ ಹಾಗೆ ಆದರೆ ನಾನೀಗ ಮೊದಲು ನೋಡುವುದೇ ಗಡಿಯಾರ, ಆಮೇಲೆ ರೌಟರಿಗೆ ಪಿಂಗ್. ಡ್ರೈವರಿಗೆ ಕೈ ಹಾಕುವುದು ಕೊನೆಗೆ.

ಆರನೇ ಸಲ ಕಾರ್ಡೇ ಮಾಯ. ಡಿವೈಸ್ ಮ್ಯಾನೇಜರಿನಲ್ಲಿ ಹೆಸರೂ ಇಲ್ಲ. ಶಟ್‌ಡೌನ್ ಮಾಡಿ ಪ್ಲಗ್ ಕಿತ್ತು, ಪವರ್ ಬಟನ್ನನ್ನು ಹದಿನೈದು ಸೆಕೆಂಡ್ ಒತ್ತಿ ಹಿಡಿದು, ಕಾರ್ಡ್ ಹೊರಗೆ ತೆಗೆದೆ. ಸ್ಲಾಟಿನಲ್ಲಿ ಧೂಳು, ಕಾರ್ಡಿನ ಹೊನ್ನಬಣ್ಣದ ಹಲ್ಲುಗಳ ಮೇಲೆ ಮಬ್ಬು. ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಸ್ಲಾಟನ್ನು ಒಣ ಬ್ರಶ್ಶಿನಿಂದ ಗುಡಿಸಿ ಮತ್ತೆ ಕೂರಿಸಿದೆ. ಬಂತು. ಕಾರ್ಡಿನ ತಗಡಿನ ಪಟ್ಟಿಯನ್ನು ಡಬ್ಬಕ್ಕೆ ಬಿಗಿಯುವ ಸ್ಕ್ರೂ ಹಾಕದೆ ಬಿಟ್ಟಿದ್ದು ನಾನೇ. ಆಂಟೆನಾ ವಯರಿನ ಎಳೆತಕ್ಕೆ ಕಾರ್ಡ್ ಒಂದು ಕೂದಲೆಳೆ ಮೇಲೆದ್ದಿರಲೂಬಹುದು. ಈಗ ಸ್ಕ್ರೂ ಇದೆ.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನನ್ನ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ 22 ಎಂಬ ಸಿಸ್ಟಮ್ ಹಾಕಿದೆ. ಕಾರ್ಡಿನ ಡ್ರೈವರಿಗೆ ಒದ್ದಾಡಬೇಕು ಅಂತ ಸಿದ್ಧವಾಗಿ, ಯುಎಸ್‌ಬಿ ಟೆದರಿಂಗ್‌ಗೆ (ಫೋನಿನ ನೆಟ್ಟನ್ನು ಕೇಬಲಿನಲ್ಲಿ ಕಂಪ್ಯೂಟರಿಗೆ ಕೊಡಲು) ಫೋನನ್ನೂ ಕೇಬಲನ್ನೂ ಪಕ್ಕದಲ್ಲಿಟ್ಟುಕೊಂಡಿದ್ದೆ. ಯಾವ ಹೊಸ ಸಿಸ್ಟಮ್ ಹಾಕುವಾಗಲೂ ಇದು ಒಳ್ಳೇ ಅಭ್ಯಾಸ. ವೈಫೈ ಡ್ರೈವರ್ ಇಳಿಸಿಕೊಳ್ಳಲು ನೆಟ್ ಬೇಕು, ನೆಟ್ ಬರಲು ವೈಫೈ ಡ್ರೈವರ್ ಬೇಕು ಎಂಬ ಪೇಚಿಗೆ ಸಿಕ್ಕಿಕೊಳ್ಳುವುದಿಲ್ಲ. ಈ ಸಲ ಅದರ ಅಗತ್ಯವೇ ಬೀಳಲಿಲ್ಲ. ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇತ್ತು, ಇನ್‌ಸ್ಟಾಲ್ ಆಗುವ ಮೊದಲೇ ವೈಫೈ ಪಟ್ಟಿ ಕಾಣಿಸಿತು.

ಅಂಕ ಕೊಡಬೇಕೆಂದರೆ ಐದಕ್ಕೆ ನಾಲ್ಕು. ಒಂದು ಕಿತ್ತುಕೊಂಡದ್ದು ಆ ಸಡಿಲ ನಟ್ಟಿಗೆ. ವೈಫೈ 6 ರೌಟರ್ ಇಲ್ಲದವರು ಬರೀ ಹೊಸದು ಅಂತ ವೈಫೈ 6 ಕಾರ್ಡ್ ತಂದರೆ ಇವತ್ತೇ ವೇಗ ಹೆಚ್ಚುವುದಿಲ್ಲ, ನನ್ನದೇ ಸಾಕ್ಷಿ. ಕೇಬಲ್ ಎಳೆಯಲು ದಾರಿ ಇದ್ದವರು ಕಾರ್ಡಿನ ಗೊಡವೆಗೇ ಹೋಗಬೇಡಿ, ಕೇಬಲ್ ಎಳೆಯಿರಿ. ಬ್ಲೂಟೂತ್ ಮಾತ್ರ ಇವತ್ತಿಗೂ ಅಷ್ಟಕ್ಕಷ್ಟೇ. ಹೆಡ್‌ಫೋನ್ ಹಾಕಿಕೊಂಡು ಅಡುಗೆಮನೆವರೆಗೆ ಹೋದರೆ ಹಾಡು ನಿಂತುಹೋಗುತ್ತದೆ. ಇದು ಏಳನೇ ಬೈಗುಳವೋ ಅಲ್ಲವೋ ಇನ್ನೂ ಗೊತ್ತಿಲ್ಲ, ಮುಚ್ಚಳ ತೆಗೆದು ನೋಡಬೇಕು.